ಅವ್ವನ ಹೆಪ್ಪು ಮತ್ತು ನನ್ನ ಸೂಕ್ಷ್ಮದರ್ಶಕ

ಮಾನ್ವಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ಕಲಿಸಿಯೇ ತಲೆಗೂದಲು ಕಳೆದುಕೊಂಡ ನನಗೆ ಸ್ವಂತ ಅಡುಗೆಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಊರ ಮಕ್ಕಳಿಗೆಲ್ಲ ಮಿಲಿಮೀಟರು, ಮಿಲಿಲೀಟರು ಬಾಯಿಪಾಠ ಮಾಡಿಸಿದವನ ಮನೆಯಲ್ಲಿ ಉಪ್ಪು ಒಂಚೂರು, ಎಣ್ಣೆ ಒಂದೀಟು, ನೀರು ಕಣ್ಣಳತೆ. ಸಾರಿಗೆ ಉಪ್ಪು ಎಷ್ಟು ಹಾಕಿದೆ ಎಂದು ಕೇಳಿದರೆ ನನ್ನ ಹೆಂಡತಿ ವಿಜಯಲಕ್ಷ್ಮಿ ಹಾಕುವಷ್ಟು ಹಾಕಿದ್ದೇನೆ ಎನ್ನುತ್ತಾಳೆ. ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ನಾನು ದೊಡ್ಡ ಸೊನ್ನೆ ಸುತ್ತುತ್ತಿದ್ದೆ. ಮನೆಯಲ್ಲಿ ಮಾತ್ರ ಪೂರ್ತಿ ಅಂಕ ಕೊಟ್ಟು ಉಣ್ಣಬೇಕು.

ನಿವೃತ್ತಿಯ ದಿನ ಕಾಲೇಜಿನವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಲೆಕ್ಕದಿಂದ ತೆಗೆದುಹಾಕಿದ್ದ ಹಳೆಯ ಸೂಕ್ಷ್ಮದರ್ಶಕವೊಂದನ್ನೂ ಕೈಗಿತ್ತರು. (ಲ್ಯಾಬಿಗೆ ಹೊಸವು ಬಂದಿದ್ದವು, ಹಳೆಯದೂ ನಾನೂ ಒಟ್ಟಿಗೆ ಹೊರಬಿದ್ದೆವು.) ಅದರ ಮರದ ಪೆಟ್ಟಿಗೆಯೊಳಗೆ ಹಳೆಯ ಥರ್ಮಾಮೀಟರೂ ಒಂದಿತ್ತು. ರಾಯಚೂರಿನ ನಮ್ಮ ಮನೆಯ ಕಿಟಕಿಯಲ್ಲಿ ಸೂಕ್ಷ್ಮದರ್ಶಕವನ್ನಿಟ್ಟು ಅದರ ಕೊಳವೆಗೆ ಕಣ್ಣು ಹಚ್ಚಿದರೆ ನನಗೆ ಮೊದಲು ಕಾಣುವುದು ಮಾನ್ವಿಯ ಆ ಲ್ಯಾಬು. ಕನ್ನಡಿಗೆ ಬಿಸಿಲು ಬೀಳಲೆಂದು ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡುತ್ತಿದ್ದ ಹುಡುಗರು, ಉಳ್ಳಾಗಡ್ಡಿಯ ಪೊರೆ ಸುಲಿಯುತ್ತಾ ಮೂಗು ಸೊರಗುಟ್ಟುತ್ತಿದ್ದ ಹುಡುಗಿಯರು. ಜಿಲಾನಿ ಪಾಷಾ ಎಂಬೊಬ್ಬ ಹುಡುಗ ತನ್ನದೇ ರೆಪ್ಪೆಗೂದಲನ್ನು ಕಂಡು ಕೆರೆ ನೀರಿನ ಜೀವಿ ಸಿಕ್ಕಿತೆಂದು ಕುಣಿದು, ಚಿತ್ರ ಬರೆದು, ಕೆಳಗೆ ಅಳತೆಯನ್ನೂ ಹಾಕಿದ್ದ. ಬೈಯಲು ಮನಸ್ಸು ಬರಲಿಲ್ಲ. ಅಳತೆ ಸರಿಯಾಗಿಯೇ ಇತ್ತು.

ಈಗ ನಮ್ಮ ಮನೆಯ ಮೊಸರಿನ ವಿಷಯ. ಅದನ್ನು ಸಾದಾ ಮೊಸರೆಂದು ತಿಳಿಯಬೇಡಿ. ಅಪ್ಪ ತೀರಿಕೊಂಡ ಮೇಲೆ ಅವ್ವ ದೇವದುರ್ಗ ಬಿಟ್ಟು ನಮ್ಮ ಜೊತೆ ಇರಲು ಬಂದಾಗ ಬಸ್ಸಿನಲ್ಲಿ ಮೊಸರಿನ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡೇ ಬಂದಿದ್ದಳು. ಬಾಯಿಗೆ ಬಟ್ಟೆ ಕಟ್ಟಿದ ಆ ಗಡಿಗೆಯನ್ನು ಇಳಿಯುವಾಗಲೂ, ಕರೆತರಲು ಬಸ್ ನಿಲ್ದಾಣಕ್ಕೆ ಹೋಗಿದ್ದ ನನ್ನ ಕೈಗೆ ಕೊಡಲಿಲ್ಲ. ಅವ್ವ ಈಗಿಲ್ಲ. ಆದರೆ ನಿನ್ನೆಯ ಮೊಸರಿನಿಂದ ಇವತ್ತಿನದು, ಇವತ್ತಿನದರಿಂದ ನಾಳೆಯದು ಎಂದು ಹೆಪ್ಪಿನ ವಂಶ ನಡೆದೇ ಇತ್ತು. ಮೊಸರನ್ನ ಕಲಸುವಾಗಲೆಲ್ಲ ಅವ್ವ ಎದುರಿಗೆ ಕೂತು ಇನ್ನೊಂದು ತುತ್ತು ಉಣ್ಣು ಅಂದಂತಾಗುತ್ತಿತ್ತು. ಮನೆಗೆ ಬಂದವರಿಗೆ ಈ ವಂಶಾವಳಿ ಹೇಳದೆ ನಾನು ಮಜ್ಜಿಗೆ ಕೊಟ್ಟದ್ದೇ ಇಲ್ಲ.

ಅವ್ವನ ಕೈಯಿಂದ ಬಂದ ಆ ಸೂಕ್ಷ್ಮಾಣುಗಳನ್ನು ಕಣ್ಣಾರೆ ಕಾಣಬೇಕು, ಮೈಕ್ರೋಮೀಟರಿನಲ್ಲಿ ಅಳೆಯಬೇಕು ಎಂಬ ದಿವ್ಯ ಆಲೋಚನೆ ಒಂದು ಸಂಜೆ ಹೊಳೆಯಿತು. ಮೊಸರನ್ನು ಗಾಜಿನ ಪಟ್ಟಿಗೆ ಸವರಿ, ಒಣಗಿಸಿ, ನೀಲಿ ಬಣ್ಣ ಹಾಕಿ ತೊಳೆದು ನೋಡಿದೆ. ಅಡ್ಡಾದಿಡ್ಡಿ ಬಿದ್ದ ಸಣ್ಣ ಸಣ್ಣ ಕಡ್ಡಿಗಳು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅಂಥ ಮೂರೋ ನಾಲ್ಕೋ ಪಾಲಿನ ಉದ್ದ. ಅವ್ವಾ ಎಂದು ಕೈಮುಗಿದೆ. ವಿಜಯಲಕ್ಷ್ಮಿಯನ್ನು ಕರೆದು, ನೋಡು, ನಿನ್ನ ಅತ್ತೆ, ಎಂದೆ.

ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. "ಅತ್ತಿ ಇಷ್ಟು ಸಣ್ಣಕ ಆಗ್ಯಾರೇನ್ರಿ" ಎಂದು ಕೇಳಿ ರೊಟ್ಟಿ ಬಡಿಯಲು ಹೋದಳು.

ಅಷ್ಟಕ್ಕೇ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇಂಥ ಅಮೂಲ್ಯ ಸಂತತಿ ಇವಳ ಕಣ್ಣಳತೆಯ ಕೈಯಲ್ಲಿದೆಯಲ್ಲಾ ಎಂದು ಹೆದರಿ, ಅಂದಿನ ಹೆಪ್ಪನ್ನು ನಾನೇ ಶಾಸ್ತ್ರೋಕ್ತವಾಗಿ ಹಾಕುತ್ತೇನೆಂದು ಘೋಷಿಸಿದೆ. ಒಂದು ಲೀಟರು ಹಾಲು, ನಲವತ್ತೆರಡು ಡಿಗ್ರಿ, ಇಪ್ಪತ್ತು ಮಿಲಿಲೀಟರು ಹೆಪ್ಪು. ಪಟ್ಟಿಗಳಿಗೆ ಸವರಿ ಸವರಿ ಬಟ್ಟಲಿನಲ್ಲಿ ಉಳಿದದ್ದೂ ಅಷ್ಟೇ. ಕಾಯಿಸಿದ ಹಾಲಿಗೆ ಥರ್ಮಾಮೀಟರು ಇಳಿಬಿಟ್ಟೆ. ತುಸು ಹೊತ್ತಿಗೆ ಸರಿಯಾಗಿ ನಲವತ್ತೆರಡು ತೋರಿಸಿತು. ವಿಜಯಲಕ್ಷ್ಮಿ ಬೆರಳು ಅದ್ದಿ ಥಟ್ಟನೆ ತೆಗೆದು, "ಇನ್ನೂ ಸುಡಾಕತ್ತದ, ತಡೀರಿ" ಎಂದಳು.

ನಿನ್ನ ಬೆರಳು ಎಷ್ಟು ಡಿಗ್ರಿ ತೋರಿಸುತ್ತದೆ ಎಂದು ನಾನು ಮಾಸ್ತರಿಕೆಯ ದನಿಯಲ್ಲಿ ಕೇಳಿದೆ.

"ಬೆರಳು ಡಿಗ್ರಿ ತೋರಸಂಗಿಲ್ರಿ. ಸುಟ್ರ ಹಿಂದ ಬರ್ತದ, ಅಷ್ಟ."

ವಿಜ್ಞಾನದ ಮುಂದೆ ಬೆರಳಿನ ಮಾತು ನಡೆಯಲಿಲ್ಲ. ಇದ್ದ ಹೆಪ್ಪನ್ನೆಲ್ಲ ಸುರಿದೆ.

ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಥರ್ಮಾಮೀಟರನ್ನು ಬೆಳಕಿಗೆ ಹಿಡಿದೆ. ಒಳಗಿನ ಕೆಂಪು ಎಳೆ ತುಂಡಾಗಿ ಒಂದು ಚೂರು ಮೇಲೆಲ್ಲೋ ಅಂಟಿಕೊಂಡಿತ್ತು. ಕೆಳಗಿನ ತುಂಡು ತನ್ನ ಪಾಡಿಗೆ ಕಡಿಮೆ ತೋರಿಸಿತ್ತು. ಇನ್ನೂ ಕೈಸುಡುವಷ್ಟು ಬಿಸಿಯಿದ್ದ ಹಾಲಿಗೆ ನಾನು ಅವ್ವನ ವಂಶವನ್ನೇ ನೂಕಿದ್ದೆ. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ನಗಬೇಡಿ, ಅವ್ವ ಎರಡನೇ ಸಲ ಹೋದಳು ಅನ್ನಿಸಿ ನಿಜವಾಗಿಯೂ ಅಳು ಬಂತು.

ನನ್ನ ಮುಖ ನೋಡಿ ವಿಜಯಲಕ್ಷ್ಮಿ ಬೈಯಲಿಲ್ಲ. ಪಕ್ಕದ ಮನೆಯ ಗುಲ್ಶನ್ ಬೇಗಂ ಹತ್ತಿರ ಒಂದು ಚಮಚ ಹೆಪ್ಪು ತರುತ್ತೇನೆ, ಏಳಿ ಎಂದಳು. ನಾನು ಉರಿದುಬಿದ್ದೆ. ಯಾರದೋ ಮನೆಯ ಹೆಪ್ಪು ಹಾಕಿದರೆ ಅದು ಅವ್ವನ ಮೊಸರಾಗುತ್ತದೆಯೇ? ರುಚಿ ಬೇರೆ, ಗುಣ ಬೇರೆ, ಸಂತತಿಯೇ ಬೇರೆ ಎಂದು ಕೂಗಾಡಿದೆ. ಅವಳು ಏನೋ ಹೇಳಹೋದವಳು ಒಲೆಯ ಕಡೆ ತಿರುಗಿದಳು. ಅವ್ವ ದೇವದುರ್ಗದಲ್ಲಿದ್ದಾಗ ಅಲ್ಲೇ ಇರುವ ನಮ್ಮ ಹಂಪಮ್ಮಕ್ಕನಿಗೂ ಹೆಪ್ಪು ಕೊಟ್ಟಿರಲೇಬೇಕಲ್ಲ ಎಂದು ಸ್ಟೀಲಿನ ಡಬ್ಬಿ ಬಗಲಿಗಿಟ್ಟುಕೊಂಡು ಬಸ್ಸು ಹತ್ತಿದೆ.

ಅಕ್ಕ ಬಾಗಿಲಲ್ಲೇ ಕೈ ಹಿಡಿದುಕೊಂಡು ಒಳಗೆ ಕರೆದಳು, ನೀರು ಕೊಟ್ಟಳು, ಸೊರಗಿದ್ದೀಯ ಎಂದಳು. ಬಂದ ಕಾರಣ ಹೇಳಿದೆ. ಅವಳ ಮುಖ ಇಳಿಯಿತು.

"ನನ್ನ ನೋಡಾಕ ಬಂದೀ ಅಂದ್ಕೊಂಡಿದ್ನೆಪ್ಪಾ. ಮೊಸರಿಗೆ ಬಂದೀಯೇನು?"

ಅವರ ಮನೆಯಲ್ಲಿ ಫ್ರಿಜ್ಜು ಬಂದಾಗಿನಿಂದ ಪಾಕೀಟು ಮೊಸರೇ ಅಂತೆ. ಹೆಪ್ಪು ಹಾಕುವುದನ್ನು ಬಿಟ್ಟು ಎಷ್ಟು ಕಾಲವಾಯಿತೋ ಅವಳಿಗೇ ನೆನಪಿರಲಿಲ್ಲ. ನಾಚಿಕೆಯಾಗಿ ಮಧ್ಯಾಹ್ನದವರೆಗೂ ಅಲ್ಲೇ ಕೂತೆ. ಇಬ್ಬರೂ ಅವ್ವನ ಮಾತಾಡಿದೆವು. ಅವ್ವ ಬೆಕ್ಕಿಗೆ ಹೆದರಿ ಮೊಸರನ್ನು ನೆಲುವಿಗೆ ತೂಗುಹಾಕುತ್ತಿದ್ದದ್ದು, ನಾವು ಏಣಿಯಿಲ್ಲದೆ ಕದ್ದದ್ದು, ಏಟು ಮಾತ್ರ ಬೆಕ್ಕಿಗೆ ಬಿದ್ದದ್ದು. ಬರುವಾಗ ಅಕ್ಕ ನನ್ನ ಖಾಲಿ ಡಬ್ಬಿಗೆ ಶೇಂಗಾ ಚಟ್ನಿ ತುಂಬಿಕೊಟ್ಟಳು.

ಸಂಜೆ ಮನೆಗೆ ಬಂದು ಕೈಕಾಲು ತೊಳೆದೆ. ವಿಜಯಲಕ್ಷ್ಮಿ ತಾಟು ಹಾಕಿ ಅನ್ನಕ್ಕೆ ಗಟ್ಟಿ ಮೊಸರು ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟೆ. ಅದೇ ಸಿಹಿ, ಹಿಂದಿನಿಂದ ಬರುವ ಅದೇ ಸಣ್ಣ ಹುಳಿ. ಅವ್ವನ ಮೊಸರು! ಎಲ್ಲಿ ಉಳಿದಿತ್ತು, ಯಾವ ಬಟ್ಟಲಲ್ಲಿತ್ತು ಎಂದು ಕೇಳಿದೆ.

"ಗುಲ್ಶನ್ ಬೇಗಂ ಮನಿದು. ನೀವು ಬಸ್ ಹತ್ತಿದ ಕೂಡ್ಲೆ ತಂದು ಹಾಕಿದೆ."

ಸಾಧ್ಯವೇ ಇಲ್ಲ, ಈ ರುಚಿ ನನ್ನ ನಾಲಿಗೆಗೆ ಗೊತ್ತು ಎಂದೆ.

"ಗೊತ್ತಿರಾಕ ಬೇಕಲ್ರಿ. ಮೊದಲಿನಿಂದ ಉಂಡಿದ್ದು ಅವರ ಮನಿ ಹೆಪ್ಪೇ."

ಆಮೇಲೆ ಅವಳು ಹೇಳಿದ್ದು ಇಷ್ಟು. ಅವ್ವನ ಗಡಿಗೆ ದಾರಿಯಲ್ಲಿ ಗಬ್ಬೂರಿನ ಹತ್ತಿರವೇ ಬಸ್ಸಿನ ಕುಲುಕಾಟಕ್ಕೆ ಉರುಳಿ ಮೊಸರೆಲ್ಲ ಚೆಲ್ಲಿತ್ತು. ಮಗ ಬೇಸರ ಮಾಡಿಕೊಂಡಾನೆಂದು ಖಾಲಿ ಗಡಿಗೆಗೇ ಬಟ್ಟೆ ಕಟ್ಟಿ ಮಡಿಲಲ್ಲಿಟ್ಟುಕೊಂಡು ಇಳಿದಿದ್ದಳು. ಅಂದು ಸಂಜೆಯೇ ಪರಿಚಯವಿಲ್ಲದ ಪಕ್ಕದ ಮನೆಗೆ ಹೋಗಿ ಹೆಪ್ಪು ಕೇಳಿ ತಂದಳು. ಅವ್ವನಿಗೂ ಗುಲ್ಶನ್ ಬೇಗಂಗೂ ಸ್ನೇಹ ಕುದುರಿದ್ದು ಹಾಗೆಯೇ ಅಂತೆ. ಅಂದರೆ ನಾನು ಮೈಕ್ರೋಮೀಟರು ಲೆಕ್ಕದಲ್ಲಿ ಅಳೆದು, ಅವ್ವಾ ಎಂದು ಕೈಮುಗಿದದ್ದು ಗುಲ್ಶನ್ ಬೇಗಂ ಮನೆಯ ಸೂಕ್ಷ್ಮಾಣುಗಳಿಗೆ.

ಇಷ್ಟು ವರ್ಷ ಬಂದವರಿಗೆಲ್ಲ ವಂಶಾವಳಿ ಹೇಳಿದೆನಲ್ಲ, ನನಗೊಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ.

"ನಾ ಹೇಳೂಣು ಅಂದಿದ್ನಿರಿ. ಅತ್ತಿನೇ ಬ್ಯಾಡ ಅಂದ್ರು. 'ಅಂವಗ ಹೇಳಬ್ಯಾಡ ಬೇ. ಹೇಳಿದ್ರ ಪಾಠ ಮಾಡಾಕ ಕುಂದರ್ತಾನ, ಅನ್ನ ಆರಿ ಹೋಗ್ತದ' ಅಂದಿದ್ರು."

ಹೆಪ್ಪಿನಲ್ಲಿ ಯಾರ ಮನೆಯದು ಎಂಬ ಭೇದವಿಲ್ಲ, ಅದಕ್ಕೆ ಬೇಕಾದದ್ದು ಹಾಲು ಮತ್ತು ಹದವಾದ ಬಿಸಿ ಎಂಬ ವಿಷಯವಾಗಿ ಒಂದು ಸೊಗಸಾದ ಪಾಠ ನನ್ನ ತುಟಿಯವರೆಗೂ ಬಂದಿತ್ತು. ತಾಟಿನ ಕಡೆ ನೋಡಿದೆ. ಅನ್ನ ಇನ್ನೂ ಬೆಚ್ಚಗಿತ್ತು. ಬಾಯಿ ಮುಚ್ಚಿಕೊಂಡು ಉಂಡೆ.