ಅವರು ತೋಟಕ್ಕೆ ಹೋಗಿದ್ದಾರೆ

ಬಾಳೆಲೆ ಊರಿನ ಯಮುನಕ್ಕನಿಗೆ ಆನೆಯೆಂದರೆ ಹೆದರಿಕೆಯಿಲ್ಲ. ಕಾಫಿ ತೋಟಕ್ಕೆ ಕಾಡಾನೆ ನುಗ್ಗಿದ ದಿನ ತಗಡಿನ ಡಬ್ಬ ಬಡಿದು, "ಹೋಗ್ತೀಯೋ ಇಲ್ವೋ!" ಎಂದು ಗದರಿಸಿ, ಅದರ ಬಾಲ ಮರೆಯಾಗುವವರೆಗೂ ನಿಂತಿದ್ದವಳು ಅವಳು. ಹಾವು, ಜಿಗಣೆ, ಓಟು ಕೇಳಲು ಬರುವವರು, ಯಾವುದಕ್ಕೂ ಜಗ್ಗಿದವಳಲ್ಲ. ಅಂಥ ಯಮುನಕ್ಕ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಒಂದು ಸೋಮವಾರ ಬೆಳಗ್ಗೆ, ಕೈಯಲ್ಲಿದ್ದ ಕಾಫಿ ಲೋಟ ಸೆರಗಿನ ಮೇಲೆಲ್ಲ ತುಳುಕುವಷ್ಟು ನಡುಗಿದಳು. ನಡುಗಿಸಿದ್ದು ಮೊಮ್ಮಗನ ಫೋನು.

"ಅಜ್ಜಿ, ನೋಡು! ಲಿಸ್ಟಲ್ಲಿ ನಾವು ಏಳನೇ ನಂಬರು!" ಎಂದು ತೀರ್ಥಪ್ರಸಾದ್ ಅಂಗಳದಿಂದಲೇ ಕೂಗುತ್ತಾ ಬಂದ.

"ಯಾವ ಲಿಸ್ಟು? ರೇಷನ್ನಿಂದಾ?"

"ಅಲ್ಲ ಅಜ್ಜಿ. ಮುಂದಿನ ವರ್ಷ ಹೋಗಿ ತಿನ್ಲೇಬೇಕು ಅಂತ ಜನ ಬಾಯಿ ಬಿಟ್ಟುಕೊಂಡು ಕಾಯ್ತಾ ಇರೋ ಹತ್ತು ಹೋಟೆಲು!"

ಯಮುನಕ್ಕ ಕನ್ನಡಕ ಏರಿಸಿ ನೋಡಿದರೆ ಫೋನಿನೊಳಗಿಂದ ತನ್ನದೇ ಮುಖ ಹಲ್ಲು ಬಿಡುತ್ತಿದೆ. ಕೆಳಗೆ ದಪ್ಪಕ್ಷರದಲ್ಲಿ: 'ಯಮುನಜ್ಜಿಯ ಒಲೆ. ಐವತ್ತು ವರ್ಷಗಳ ಕೈರುಚಿ. ಜನವರಿಯಿಂದ.' ಹೋಟೆಲೆಂದರೆ ಮತ್ತೇನಲ್ಲ, ಮನೆಯ ಪಕ್ಕದ ಕಾಫಿ ಒಣಗಿಸುವ ಕಣ. ಅಲ್ಲಿ ಅವತ್ತಿಗೆ ಒಂದು ಮೇಜು ಸಹ ಬಂದಿರಲಿಲ್ಲ, ಬೋರ್ಡು ಮಾತ್ರ ಬಂದಿತ್ತು. (ಈಗಿನ ಕಾಲದಲ್ಲಿ ಮೊದಲು ಹಸಿವು ಮಾರಾಟವಾಗುತ್ತದೆ, ಊಟ ಆಮೇಲೆ.)

ಮೊಮ್ಮಗನ ಹೆಂಡತಿ ದೀಕ್ಷಿತಾ ಒಳಗಿನಿಂದ ಬಂದು ಇನ್ನೊಂದು ಬಾಂಬು ಹಾಕಿದಳು. "ಭಾನುವಾರ ಆ ಲಿಸ್ಟಿನವರು ವಿಡಿಯೋ ಮಾಡ್ಲಿಕ್ಕೆ ಬರ್ತಾರೆ ಅಜ್ಜಿ. ನೀವು ಸೌಟು ಹಿಡ್ಕೊಂಡು ಒಲೆ ಮುಂದೆ ನಿಂತ್ರೆ ಸಾಕು."

ಕುಡಿಯುತ್ತಿದ್ದ ಕಾಫಿ ಯಮುನಕ್ಕನ ಮೂಗಿಗೆ ಹತ್ತಿತು.

ಈಗ ನಿಮಗೊಂದು ಗುಟ್ಟು ಹೇಳಬೇಕು. (ಬಾಳೆಲೆ ಕಡೆಯವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಈ ಭಾಗ ಬಿಟ್ಟು ಓದಿ.) ಯಮುನಕ್ಕನಿಗೆ ಅಡುಗೆ ಬರುವುದಿಲ್ಲ. ಸ್ವಲ್ಪ ಬರುವುದಿಲ್ಲ ಎಂದಲ್ಲ, ಸಂಪೂರ್ಣವಾಗಿ ಬರುವುದಿಲ್ಲ. ಮದುವೆಯಾದ ವಾರದಲ್ಲಿ ಅವಳು ಒಂದು ಕೋಳಿಸಾರು ಮಾಡಿದ್ದಳು. ಮಾವ ಒಂದು ತುತ್ತು ತಿಂದು, ಎದ್ದು ಹೋಗಿ ಹಟ್ಟಿಯಲ್ಲಿ ಹಸುವಿನ ಪಕ್ಕ ಕೂತವರು ಸಂಜೆಯವರೆಗೂ ಮಾತಾಡಲಿಲ್ಲ. ಮಿಕ್ಕಿದ್ದನ್ನು ನಾಯಿಗೆ ಹಾಕಿದರೆ ಅದು ಮೂಸಿ ನೋಡಿ, ಹಿಂಗಾಲಿನಿಂದ ಮಣ್ಣು ಕೆದರಿ ಮುಚ್ಚಿತು.

ಅವತ್ತು ಗಂಡ ದೇರಪ್ಪನವರು ಅವಳನ್ನು ಬಾವಿಯ ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ದಿನದ ಗಂಜಿಗೆ ಅಮ್ಮ ಇದ್ದಾರೆ. ನೆಂಟರು ಬಂದ ದಿನ ನಾನೇ ಮಾಡ್ತೇನೆ. ಹೆಸರು ನಿನ್ನದೇ ಇರ್ಲಿ. ಆದ್ರೆ ನಾನು ಸೌಟು ಹಿಡಿದದ್ದು ಹೊರಗೆ ಗೊತ್ತಾದ್ರೆ ಈ ಮೀಸೆ ಇಟ್ಟುಕೊಂಡು ನಾನು ಊರಲ್ಲಿ ತಿರುಗ್ಲಿಕ್ಕುಂಟಾ?" ಮೀಸೆಯೇನು ಸಾಮಾನ್ಯದ್ದಲ್ಲ. ಅದರ ಎರಡು ತುದಿಗೆ ಎರಡು ಗುಬ್ಬಿ ಕೂರಬಹುದಿತ್ತು.

ಅಂದಿನಿಂದ ನಲವತ್ತಮೂರು ವರ್ಷ ಆ ಮನೆಯಲ್ಲಿ ಒಂದೇ ವ್ಯವಸ್ಥೆ. ನೆಂಟರು ಬರುವ ದಿನ ದೇರಪ್ಪನವರು ಅಡುಗೆಮನೆ ಬಾಗಿಲು ಹಾಕಿಕೊಳ್ಳುವರು. ಯಮುನಕ್ಕ ಅಡುಗೆಮನೆಗೆ ಬೆನ್ನು ಹಾಕಿ, ಗೇಟಿನ ಕಡೆ ಕಣ್ಣಿಟ್ಟು, ಜಗುಲಿಯಲ್ಲಿ ಕಾವಲು ಕೂರುವಳು. ಒಳಗೆ ಸೌಟು ಠಣ್ ಠಣ್ ಎನ್ನುವುದು, ಈರುಳ್ಳಿ ಹುರಿದ ಪರಿಮಳ ಬರುವುದು. ಯಾರಾದರೂ ಹೊತ್ತಿಗೆ ಮೊದಲೇ ಬಂದರೆ ಅವಳು ತೋಟಕ್ಕೆಲ್ಲ ಕೇಳುವ ಹಾಗೆ ಕೂಗಬೇಕು: "ಅವರು ಮನೇಲಿಲ್ಲಾ! ತೋಟಕ್ಕೆ ಹೋಗಿದ್ದಾರೆ! ಈಗ ಬರ್ತಾರೆ!" ಅದು ಕೇಳಿದ ಕೂಡಲೇ ದೇರಪ್ಪನವರು ಹಿಂದಿನ ಬಾಗಿಲಿನಿಂದ ಹಾರಿ, ಕೋವಿ ಹೆಗಲಿಗೇರಿಸಿ, ಸುತ್ತು ಬಳಸಿ ಗೇಟಿನಿಂದ ಗಂಭೀರವಾಗಿ ಬರುವರು. ಅಷ್ಟರಲ್ಲಿ ಯಮುನಕ್ಕ ಒಳಗೋಡಿ, ಕೆನ್ನೆಗೆ ಅಕ್ಕಿಹಿಟ್ಟು ಸವರಿಕೊಂಡು ಸೌಟು ಹಿಡಿದು ನಿಲ್ಲುವಳು. ಉಂಡವರೆಲ್ಲ, "ಯಮುನಕ್ಕ, ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು!" ಎನ್ನುವರು. ಗಂಡ ಅಡುಗೆ ಮಾಡುವುದನ್ನು ಅವಳು ಒಂದು ದಿನವೂ ಇಣುಕಿ ನೋಡಿದವಳಲ್ಲ. ಯಾರಾದರೂ ನೋಡಿದರೆ ರುಚಿ ಕೆಡುತ್ತದೆಂದು ಅವರ ಕಟ್ಟಪ್ಪಣೆ.

ಐದು ವರ್ಷದ ಹಿಂದೆ ದೇರಪ್ಪನವರು ತೀರಿಕೊಂಡರು. ಹನ್ನೊಂದನೆಯ ದಿನ ನೆಂಟರೆಲ್ಲ ಸೇರಿದಾಗ ಯಮುನಕ್ಕ ಎದ್ದು ನಿಂತು, "ಅವರಿಲ್ಲದ ಮೇಲೆ ನಾನು ಸೌಟು ಮುಟ್ಟುವುದಿಲ್ಲ" ಎಂದು ಘೋಷಿಸಿದಳು. ಹೆಂಗಸರು ಬಿಕ್ಕಿಬಿಕ್ಕಿ ಅತ್ತರು. ಬಾಳೆಲೆಯ ಅತ್ತೆಯಂದಿರು ಐದು ವರ್ಷದಿಂದ ಸೊಸೆಯಂದಿರಿಗೆ, "ಯಮುನಕ್ಕನ್ನ ನೋಡಿ ಕಲಿ" ಎಂದು ಬೈಯುತ್ತಲೇ ಇದ್ದಾರೆ. ಈಗ ಗುಟ್ಟು ರಟ್ಟಾದರೆ ಆ ಸೊಸೆಯಂದಿರೆಲ್ಲ ಮೆರವಣಿಗೆ ಕಟ್ಟಿಕೊಂಡು ಬರುವುದಿಲ್ಲವೇ? ಸತ್ತ ಗಂಡನ ಮೀಸೆ ಮಣ್ಣುಪಾಲಾಗುವುದಿಲ್ಲವೇ?

ಮಂಗಳವಾರ ಅವಳು ಮನೆಯಲ್ಲಿದ್ದ ಸೌಟುಗಳನ್ನೆಲ್ಲ ಅಕ್ಕಿಯ ಪತ್ತಾಯದ ಹಿಂದೆ ಬಚ್ಚಿಟ್ಟಳು. ಗಂಜಿಯ ಪಾತ್ರೆಯಲ್ಲಿ ಮುಳುಗಿದ್ದ ಒಂದು ಮಾತ್ರ ಉಳಿಯಿತು.

"ಅಜ್ಜಿ, ಸೌಟು ಕಂಡ್ರಾ?" ಎಂದಳು ದೀಕ್ಷಿತಾ.

"ಇಲ್ಲ ಮಗಳೇ. ಮಂಗ ಕೊಂಡುಹೋಗಿರ್ಬೇಕು."

ಬುಧವಾರ ಕೈನೋವು ಶುರುವಾಯಿತು. "ಕೈ ನೋವಾದ್ರೆ ಎಂತ ಅಜ್ಜಿ? ನಿಂತ್ರೆ ಸಾಕು" ಎಂದ ತೀರ್ಥ.

"ಕಾಲೂ ನೋವು."

"ಕೂತ್ರೂ ಸಾಕು."

"ತಲೆ ತಿರುಗ್ತದೆ."

"ಕ್ಯಾಮೆರಾದಲ್ಲಿ ಅದು ಕಾಣ್ಸುದಿಲ್ಲ."

ಗುರುವಾರ ಯಮುನಕ್ಕ ಗಟ್ಟಿ ನಿರ್ಧಾರ ಮಾಡಿದಳು. ಪಿಂಚಣಿ ಕಚೇರಿಯಲ್ಲಿ ಬದುಕಿದ್ದೇನೆ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು ಎಂದು ನೆವ ಹೇಳಿ, ಗಂಡನ ಕೋವಿಯ ಕಪಾಟು ತೆರೆದಳು. ಅದರ ಮೂಲೆಯಲ್ಲಿ ಒಂದು ಹಳೆಯ ನಾಲ್ಕು ಡಬ್ಬಿಯ ಕ್ಯಾರಿಯರ್ ಇತ್ತು. ಗಂಡ ತೋಟಕ್ಕೆ ಊಟ ಒಯ್ಯುತ್ತಿದ್ದದ್ದಿರಬೇಕು ಎಂದು ಅವಳ ಅಂದಾಜು. ಎಲ್ಲಾದರೂ ಒಂದು ಒಳ್ಳೆಯ ಮೆಸ್ ನೋಡಿಟ್ಟು, ಭಾನುವಾರ ಬೆಳಗ್ಗೆ ಅದರ ತುಂಬ ಕೋಳಿಸಾರು ತಂದು, ತಾನೇ ಮಾಡಿದ್ದೆಂದು ಒಲೆಯ ಮೇಲಿಟ್ಟರಾಯಿತು! ಇಂಥ ಅದ್ಭುತ ಉಪಾಯ ಲೋಕದಲ್ಲಿ ಯಾರಿಗೂ ಹೊಳೆದಿರಲಿಕ್ಕಿಲ್ಲವೆಂದು ಅವಳಿಗೆ ತನ್ನ ಬುದ್ಧಿಯ ಮೇಲೆಯೇ ಹೆಮ್ಮೆಯಾಯಿತು.

ಪೊನ್ನಂಪೇಟೆಯ ಕಚೇರಿಯಲ್ಲಿ ಗುಮಾಸ್ತ ಅವಳ ಬಿಳಿಚಿದ ಮುಖ ನೋಡಿ, "ಎಂತ ಅಜ್ಜಿ, ಬದುಕಿದ್ದೀರಲ್ಲ?" ಎಂದ.

"ಭಾನುವಾರದವರೆಗೆ" ಎಂದಳು ಯಮುನಕ್ಕ.

ಕಚೇರಿಯ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಒಂದು ಮೆಸ್ ಇತ್ತು. ಪರಿಚಯದವರು ಕಂಡಾರೆಂದು ಅವಳು ಹಿತ್ತಿಲ ಬಾಗಿಲಿಗೆ ಹೋದಳು. ಕೈ ಬದಲಿಸುವಾಗ ಕ್ಯಾರಿಯರಿನ ಹಿಡಿ ಕೀಂಯ್ ಎಂದಿತು. ಒಳಗಿನ ಹೊಗೆಯಿಂದ ಹೆಣ್ಣು ಧ್ವನಿಯೊಂದು ಬಂತು:

"ಬನ್ನಿ ದೇರಪ್ಪಣ್ಣ, ಇವತ್ತೆಂತ ಇಷ್ಟು ತಡ?"

ಯಮುನಕ್ಕನ ಎದೆ ಒಂದು ಸಲ ನಿಂತು, ಯೋಚನೆ ಮಾಡಿ, ಮತ್ತೆ ಹೊಡೆದುಕೊಂಡಿತು. ಅವಳು ಅಲ್ಲೇ ಸೌದೆಯ ರಾಶಿಯ ಮೇಲೆ ಕುಸಿದಳು. ಸೌಟು ಹಿಡಿದ ಅರವತ್ತರ ಹೆಂಗಸೊಬ್ಬಳು ಓಡಿಬಂದಳು. ಅವಳೇ ಮೆಸ್ಸಿನ ಗಂಗೆ.

"ಅಯ್ಯೋ ಅಕ್ಕ, ಹೆದರ್ಬೇಡಿ! ಆ ಹಿಡಿ ಕೀಂಯ್ ಅಂದ್ರೆ ನನ್ನ ಬಾಯಿಗೆ ಅದೇ ಹೆಸರು ಬರ್ತದೆ. ನನ್ನ ಅಮ್ಮ ಮೆಸ್ ನಡೆಸ್ತಿದ್ದಾಗಿಂದ ಅದೇ ಕ್ಯಾರಿಯರು. ಪಾಪ, ಅವರು ಹೋಗಿ ಐದು ವರ್ಷ ಆಯ್ತು. ನೀವು ಯಾರು?"

"ನಾನು... ಅವರ ಮನೆ ಕೆಲಸದವಳು."

"ಹಾಗಾದ್ರೆ ನಿಮಗೆ ಗೊತ್ತಿರ್ತದೆ. ನೆಂಟರು ಬರುವ ದಿನ ಬೆಳಗ್ಗೇನೇ ಬಂದು, ನಾಲ್ಕೂ ಡಬ್ಬಿ ಕೋಳಿಸಾರು ತುಂಬಿಸಿ, ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿನಲ್ಲಿಟ್ಟು ಹೋಗ್ತಿದ್ರು."

"ಸುಳ್ಳು!" ಯಮುನಕ್ಕ ಕಿರುಚಿದಳು. "ಅವರು ಸ್ವಂತ ಕೈಯಲ್ಲಿ ಅಡುಗೆ ಮಾಡ್ತಿದ್ರು! ಸೌಟಿನ ಸದ್ದು ನಾನು... ನಮ್ಮ ಅಮ್ಮನೋರು ಕಿವಿಯಾರೆ ಕೇಳಿದ್ದಾರೆ!"

ಗಂಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸೌಟು ಬಡೀತಿದ್ರು ಅಕ್ಕ, ಖಾಲಿ ಪಾತ್ರೆಗೆ! ಪರಿಮಳಕ್ಕೆ ಒಂದು ಈರುಳ್ಳಿ ಹುರೀಲಿಕ್ಕೆ ಮಾತ್ರ ನಾನು ಹೇಳಿಕೊಟ್ಟಿದ್ದೆ. 'ಗಂಗೆ, ನನ್ನ ಹೆಂಡ್ತಿ ಜಗುಲೀಲಿ ಸಿಪಾಯಿ ಹಾಗೆ ಕಾವಲು ಕೂರ್ತಾಳೆ. ನನಗೂ ಅಡುಗೆ ಬರುದಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?' ಅಂತ ಹೇಳ್ತಿದ್ರು."

ನಲವತ್ತಮೂರು ವರ್ಷ! ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳು ಕಾವಲು ಕಾದದ್ದು ಒಂದು ಈರುಳ್ಳಿಗೆ.

ಆದರೂ ತಲೆಯ ಮೇಲೆ ಭಾನುವಾರ ನೇತಾಡುತ್ತಿತ್ತಲ್ಲ. "ಭಾನುವಾರಕ್ಕೆ ಈ ಕ್ಯಾರಿಯರ್ ತುಂಬಿಸಿಕೊಡ್ತೀಯಾ?" ಎಂದು ಕೇಳಿದಳು.

"ಭಾನುವಾರ ಆಗುದಿಲ್ಲ ಅಕ್ಕ. ಮೆಸ್ ಮುಚ್ತಾ ಇದ್ದೇನೆ. ಬಾಳೆಲೇಲಿ ದೊಡ್ಡ ಹೋಟೆಲ್ ಬರ್ತದಲ್ಲ, ಅಲ್ಲಿಗೆ ನಾನೇ ಅಡುಗೆಯವಳು. ದೇರಪ್ಪಣ್ಣನ ಮೊಮ್ಮಗನೇ ಬಂದು ಕರೆದ. ಚಿಕ್ಕಂದಿನಲ್ಲಿ ಅಜ್ಜನ ಸ್ಕೂಟರಲ್ಲಿ ಮುಂದೆ ನಿಂತುಕೊಂಡು ಬರ್ತಿದ್ದ. ಒಳ್ಳೇ ಹುಡುಗ. ಒಂದೇ ಒಂದು ಷರತ್ತು ಹಾಕಿದ್ದಾನೆ."

"ಎಂತ ಷರತ್ತು?"

"ಏನೇ ಆಗ್ಲಿ, ಅವನ ಅಜ್ಜಿಯನ್ನ ಅಡುಗೆಮನೆ ಒಳಗೆ ಬಿಡಬಾರದಂತೆ! ತಡೀರಿ, ಆ ಅಜ್ಜಿಯ ಫೋಟೋ ತೋರಿಸ್ತೇನೆ." ಗಂಗೆ ಸೊಂಟದಿಂದ ಫೋನು ತೆಗೆದಳು. ಫೋನು ನೋಡಿದಳು. ಎದುರಿನ ಮುಖ ನೋಡಿದಳು. ಮತ್ತೆ ಫೋನು ನೋಡಿದಳು. ಅವಳ ಕೈಯಿಂದ ಸೌಟು ಕೆಳಗೆ ಬಿತ್ತು.

ಮನೆಗೆ ಬಂದ ಯಮುನಕ್ಕ ಚಪ್ಪಲಿ ಸಹ ಬಿಡದೆ ಮೊಮ್ಮಗನನ್ನು ಹಿಡಿದಳು. "ಬೋರ್ಡಿಗೆ ನನ್ನ ಮುಖ ಬೇಕು, ಸಾರಿಗೆ ನನ್ನ ಕೈ ಬೇಡ! ಅಲ್ವಾ?"

"ಅಜ್ಜಿ, ನಾನು ಒಂದನೇ ಕ್ಲಾಸಲ್ಲಿರುವಾಗ ನೀನೊಂದು ಪಾಯಸ ಮಾಡಿದ್ದೆ, ನೆನಪುಂಟಾ?"

"ಎಂತ ಆಗಿತ್ತು ಅದಕ್ಕೆ?"

"ಅದು ಡಾಕ್ಟ್ರಿಗೂ ಗೊತ್ತಾಗ್ಲಿಲ್ಲ."

ದೀಕ್ಷಿತಾ ನಡುವೆ ಬಂದಳು. "ಬಿಡಿ ಅಜ್ಜಿ. ನಿಮಗೆ ಗೊತ್ತಾದ್ರೆ ಬೇಜಾರಾಗ್ತದೆ, ಹೇಳ್ಬೇಡ ಅಂತ ಅಜ್ಜನೇ ಇವರ ಹತ್ರ ಆಣೆ ಹಾಕಿಸಿಕೊಂಡಿದ್ರಂತೆ. ನೀವು ಅಜ್ಜನ ಮರ್ಯಾದೆ ಕಾದ್ರಿ, ಅಜ್ಜ ನಿಮ್ಮದು ಕಾದ್ರು. ಈಗ ಇಬ್ಬರದ್ದೂ ನಮ್ಮ ತಲೆ ಮೇಲೆ ಉಂಟು."

ಯಮುನಕ್ಕನಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಮೊದಲು ಬೈದು ಆಮೇಲೆ ಅತ್ತಳು. ಹೆದರಿಕೆ ಮಾತ್ರ ಹೋಗಲಿಲ್ಲ. ಅಲ್ಲಿಯವರೆಗೆ ಬಚ್ಚಿಡಬೇಕಾದದ್ದು ಒಂದು ಗುಟ್ಟು; ಈಗ ಕೆಂಪು ಸೀರೆ ಉಟ್ಟ, ಜೋರು ನಗುವ ಒಂದು ಇಡೀ ಗಂಗೆ.

ಭಾನುವಾರದ ಏರ್ಪಾಡು ಹೀಗಿತ್ತು: ವಿಡಿಯೋದವರು ಬರುವುದು ಹನ್ನೊಂದಕ್ಕೆ. ಗಂಗೆ ಎಂಟಕ್ಕೇ ಬಂದು, ಹತ್ತರೊಳಗೆ ಸಾರು ಮುಗಿಸಿ, ಹಿಂದಿನ ಬಾಗಿಲಿನಿಂದ ಹೋಗಬೇಕು. ಆಮೇಲೆ ಯಮುನಕ್ಕ ಸೌಟು ಹಿಡಿದು ನಿಲ್ಲಬೇಕು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಸೌಟು ಠಣ್ ಠಣ್ ಎನ್ನುತ್ತಿತ್ತು. ಈರುಳ್ಳಿಯ ಪರಿಮಳ ಬರುತ್ತಿತ್ತು. ಯಮುನಕ್ಕ ಅದಕ್ಕೆ ಬೆನ್ನು ಹಾಕಿ, ಜಗುಲಿಯಲ್ಲಿ ಗೇಟಿನ ಕಡೆ ನೋಡುತ್ತಾ ಕೂತಿದ್ದಳು. ಕೂತು ಎಷ್ಟೋ ವರ್ಷವಾಗಿದ್ದರೂ ಬೆನ್ನಿಗೆ ಆ ಜಾಗ ಮರೆತುಹೋಗಿರಲಿಲ್ಲ.

ಒಂಬತ್ತೂವರೆಗೆ ಗೇಟು ಕಿರ್ರೆಂದಿತು. ಕ್ಯಾಮೆರಾ ಹಿಡಿದ ಕಿರಣ್‌ಕುಮಾರ್ ಎಂಬುವನು, ಅವನ ಜೊತೆ ಒಬ್ಬಳು ಹುಡುಗಿ, ಮೂಗು ಮೇಲೆತ್ತಿ ಪರಿಮಳದ ಜಾಡು ಹಿಡಿದು ನೇರ ಬರುತ್ತಿದ್ದರು. "ಸರ್ಪ್ರೈಸ್ ಅಜ್ಜಿ! ಸೀದಾ ನಿಮ್ಮ ಅಡುಗೆಮನೆಗೇ ಬಂದುಬಿಟ್ವಿ!"

ಯಮುನಕ್ಕನ ತಲೆ ನಿಂತುಹೋಯಿತು. ಬಾಯಿ ಮಾತ್ರ ತನ್ನ ನಲವತ್ತಮೂರು ವರ್ಷದ ಕೆಲಸ ತಾನೇ ಮಾಡಿತು.

"ಅವರು ಮನೇಲಿಲ್ಲಾ! ತೋಟಕ್ಕೆ ಹೋಗಿದ್ದಾರೆ! ಈಗ ಬರ್ತಾರೆ!"

ಕಿರಣ್‌ಕುಮಾರ್ ಗಕ್ಕನೆ ನಿಂತ. "ಯಾರಜ್ಜಿ?"

"ನಮ್ಮ ಯಜಮಾನರು!"

ಅವನು ಜಗುಲಿಯ ಗೋಡೆ ನೋಡಿದ. ಅಲ್ಲೊಂದು ಫೋಟೋ: ಮೀಸೆ, ಕೋವಿ, ಮೇಲೆ ಗಂಧದ ಹಾರ. "ಇವರಾ?"

"ಹೌದು!"

"ಇವರು... ಈಗ ಬರ್ತಾರಾ?"

"ಈಗ ಬರ್ತಾರೆ!" ಎಂದಳು ಯಮುನಕ್ಕ. ನಿಲ್ಲಿಸಬೇಕೆಂದರೂ ಬಾಯಿ ನಿಲ್ಲಲಿಲ್ಲ. ಪಕ್ಕದಲ್ಲಿ ತೀರ್ಥ ನೆಟ್ಟ ಕಂಬವಾಗಿದ್ದ. ಅಷ್ಟರಲ್ಲಿ ಅಡುಗೆಮನೆಯೊಳಗಿಂದ ಸ್ಪಷ್ಟವಾಗಿ ಒಂದು ಸದ್ದು ಕೇಳಿತು.

ಠಣ್. ಠಣ್.

ಕಿರಣ್‌ಕುಮಾರ್ ಕಾಲಿನ ತುದಿಯಿಂದ ಬಾಗಿಲು ತಳ್ಳಿದ. ಒಳಗೆ ಯಾರೂ ಇರಲಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಪಕ್ಕದ ಬಾಣಲೆಯಲ್ಲಿ ಈರುಳ್ಳಿ ಆಗ ತಾನೇ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಅವನು ತಿರುಗಿ ನೋಡಿದರೆ ಜೊತೆಯ ಹುಡುಗಿ ಆಗಲೇ ಗೇಟು ದಾಟಿ ರಸ್ತೆಯಲ್ಲಿದ್ದಳು.

ಎರಡೇ ದಿನದಲ್ಲಿ ಆ ವಿಡಿಯೋ ಊರೂರು ಸುತ್ತಿತು. ತೀರಿಹೋದ ಅಜ್ಜ ಬಂದು ಅಡುಗೆ ಮಾಡಿ ಹೋಗುವ ಮನೆ! ಲಿಸ್ಟಿನಲ್ಲಿ ಏಳರಲ್ಲಿದ್ದ ಹೋಟೆಲು ಒಂದಕ್ಕೆ ಬಂತು. ಮುಂದಿನ ವರ್ಷದ ಹುತ್ತರಿ ಹಬ್ಬದವರೆಗೂ ಜಾಗವಿಲ್ಲವೆಂದು ತೀರ್ಥ ಕಣದಲ್ಲಿ ಕುಣಿದ. ಯಮುನಕ್ಕ ಮಾತ್ರ, ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮೀಸೆಯನ್ನು ತಾನೇ ಲೋಕದ ಮುಂದೆ ಸೌಟಿಗೆ ಕಟ್ಟಿಬಿಟ್ಟೆನಲ್ಲಾ ಎಂದು ಹಣೆ ಚಚ್ಚಿಕೊಳ್ಳುತ್ತಾ ಕೂತಿದ್ದಳು. ಬುಧವಾರ ಗಂಗೆ ಟವೆಲಿನಲ್ಲಿ ಏನೋ ಸುತ್ತಿಕೊಂಡು ಬಂದಳು.

"ತಗೊಳ್ಳಿ ಅಕ್ಕ, ನಿಮ್ಮ ಸೌಟು. ನೀವು ಮೊದಲನೇ ಸಲ ಕೂಗಿದ್ರಲ್ಲ, ಆಗ್ಲೇ ಕೈಯಲ್ಲಿ ಹಿಡ್ಕೊಂಡೇ ಹಿಂದಿನಿಂದ ಓಡಿಬಿಟ್ಟೆ. ಮನೇಲಿ ಬೇರೆ ಸೌಟೂ ಇರ್ಲಿಲ್ಲ. ಮಂಗ ಕೊಂಡುಹೋಯ್ತಂತೆ?"

ಯಮುನಕ್ಕ ಸೌಟು ನೋಡಿದಳು. ಗಂಗೆಯ ಮುಖ ನೋಡಿದಳು. "ಹಾಗಾದ್ರೆ... ಆಮೇಲೆ ಠಣ್ ಅಂದದ್ದು?"

"ಯಾವ ಠಣ್?" ಎಂದಳು ಗಂಗೆ.

ಅವತ್ತಿನಿಂದ ಯಮುನಕ್ಕ ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ಮೊಮ್ಮಗನ ಷರತ್ತು ಯಾರೂ ಹೇಳದೆಯೇ ಅಕ್ಷರಶಃ ನಡೆಯುತ್ತಿದೆ. ಒಂದು ಲೋಟ ಬಿಸಿನೀರು ಬೇಕಾದರೂ ಅವಳು ಜಗುಲಿಯಿಂದಲೇ ದೀಕ್ಷಿತಾಳನ್ನು ಕೂಗುತ್ತಾಳೆ. ಜನವರಿಯಲ್ಲಿ ಹೋಟೆಲು ಶುರುವಾಗಿದೆ. ಅಡುಗೆಮನೆಗೆ ಬೆನ್ನು ಹಾಕಿ, ಗೇಟಿನ ಕಡೆ ಕಣ್ಣಿಟ್ಟು ಅವಳು ಕೂತಿರುತ್ತಾಳೆ. ಮೊದಲ ಕಾರು ಗೇಟಿನ ಹತ್ತಿರ ಬಂದ ಕೂಡಲೇ ತೋಟಕ್ಕೆಲ್ಲ ಕೇಳುವ ಹಾಗೆ ಕೂಗುತ್ತಾಳೆ. ಬಂದವರು ಚಪ್ಪಾಳೆ ತಟ್ಟುತ್ತಾರೆ. ತಮ್ಮನ್ನು ನಗಿಸಲಿಕ್ಕೆ ಅಜ್ಜಿ ಹಾಗೆ ಕೂಗುವುದೆಂದು ಅವರ ಎಣಿಕೆ.

ಪಾಪ, ಅವರಿಗೇನು ಗೊತ್ತು? ಒಳಗಿರುವವರಿಗೆ ಸೌಟು ಕೆಳಗಿಟ್ಟು, ಕೋವಿ ತೆಗೆದುಕೊಂಡು, ಹಿಂದಿನ ಬಾಗಿಲಿನಿಂದ ಹೊರಡಲು ಸ್ವಲ್ಪ ಸಮಯ ಬೇಕಲ್ಲ.