ಒಂದು ಗೀರೂ ಇಲ್ಲದ ಮೊಣಕಾಲು

ಆಸ್ಪತ್ರೆಯ ಕಾಗದದ ಕೊನೆಯಲ್ಲಿದ್ದ ಒಂದು ಸಾಲು ಓಯ್ವಾನ ನಿದ್ದೆ ಕೆಡಿಸಿತ್ತು. ‘ಮೊಣಕಾಲಿನ ಸುತ್ತ ಒಂದು ಗೀರು ಕಂಡರೂ ನಂಜಾಗುವ ಭಯದಿಂದ ಆಪರೇಷನ್ ಇಲ್ಲ, ಮತ್ತೆ ಸರದಿಯ ಕೊನೆಗೆ ನಿಲ್ಲಬೇಕಾಗುತ್ತದೆ.’

ಸರದಿ ಎಂದರೆ ಹದಿನಾಲ್ಕು ತಿಂಗಳು. ನಲವತ್ತು ಚಳಿಗಾಲ ಸ್ನೋಮೊಬೈಲ್ ಎಂಬ ಹಿಮದ ಗಾಡಿ ಹತ್ತಿ ಸಾಕಿದ ಹಿಮಸಾರಂಗಗಳ ಹಿಂದೆ ಕುಪ್ಪಳಿಸಿ ಕುಪ್ಪಳಿಸಿ ಓಯ್ವಾನ ಬಲ ಮಂಡಿ ಸವೆದುಹೋಗಿತ್ತು. ನೋವನ್ನಾದರೂ ಹಲ್ಲು ಕಚ್ಚಿ ತಡೆದುಕೊಳ್ಳಬಹುದು, ಅವಮಾನ ತಡೆಯುವುದು ಹೇಗೆ? ಸೌನಾದ ಹಬೆಕೋಣೆಯಲ್ಲಿ ಗಂಡಸರು ಕೂರುವ, ಬಿಸಿ ಹೆಚ್ಚಿರುವ ಮೇಲಿನ ಹಲಗೆಗೆ ಹತ್ತಲಾರದೆ ಅವನು ಕೆಳಗಿನ ಹಲಗೆಯ ಮೇಲೆ ಮೊಮ್ಮಕ್ಕಳ ಸಾಲಿನಲ್ಲಿ ಕೂತು ಉಗುರುಬೆಚ್ಚನೆ ಹಬೆ ತೆಗೆದುಕೊಳ್ಳುತ್ತಿದ್ದ. ಪಕ್ಕದ ಮನೆಯ ರೈಮೊ ಪ್ರತಿ ಶನಿವಾರ ಮೇಲಿನಿಂದ ಇಣುಕಿ ಕೇಳುವುದು ಒಂದೇ ಮಾತು: “ಏನಪ್ಪಾ ಓಯ್ವಾ, ಕೆಳಗಿನ ಊರಲ್ಲಿ ಚಳಿ ಜಾಸ್ತಿನಾ?”

ಅಂತೂ ಆ ದಿನ ಬಂತು. ಹನ್ನೊಂದು ಗಂಟೆಗೆ ಆಪರೇಷನ್. ಬೆಳಿಗ್ಗೆ ಹೆಂಡತಿ ತೈಮಿ ಪರದೆ ಸರಿಸಿ ನೋಡುತ್ತಾಳೆ, ರಸ್ತೆಯೇ ಇಲ್ಲ! ರಾತ್ರಿಯ ಗಾಳಿಗೆ ಹಿಮ ಬೇಲಿಯ ಮಟ್ಟಕ್ಕೆ ಬಂದು ಕೂತಿತ್ತು. ಹಿಮ ತೆಗೆಯುವ ಗಾಡಿ ಕೆಟ್ಟು ನಿಂತಿದೆ, ಟ್ಯಾಕ್ಸಿ ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿದರು. ಉಳಿದಿದ್ದು ಹೆಪ್ಪುಗಟ್ಟಿದ ಸರೋವರದ ದಾರಿ. ಮೂವತ್ತೈದು ಕಿಲೋಮೀಟರು, ಕೈಯಲ್ಲಿದ್ದದ್ದು ಒಂದೂವರೆ ಗಂಟೆ.

“ಸ್ನೋಮೊಬೈಲ್ ತೆಗಿ. ನಿಂತ್ಕೊಂಡು ಓಡಿಸು, ಜೋರಾಗಿ ಓಡಿಸು,” ಎಂದ ರೈಮೊ. ಅವನನ್ನು ಯಾರೂ ಕರೆದಿರಲಿಲ್ಲ. ಅವನು ಕರೆಸಿಕೊಂಡು ಬರುವ ಪೈಕಿಯೂ ಅಲ್ಲ. “ಕೂತ್ರೆ ಒಂದೊಂದು ದಿಬ್ಬಕ್ಕೂ ಮಂಡಿ ಹೋಗಿ ಮುಂದಿನ ತಗಡಿಗೆ ಬಡಿಯುತ್ತೆ. ಮಂಡಿ ಸಡಿಲ ಬಿಟ್ಟು ನಿಂತ್ಕೋ, ಸ್ಪ್ರಿಂಗ್ ಥರ.”

“ನಿಂತ್ರೂ ಬಡಿಯಲ್ವಾ? ಒಂದು ಗೀರು ಬಿದ್ರೆ ಮುಗೀತು ಕಥೆ,” ಎಂದಳು ತೈಮಿ.

“ಅದಕ್ಕೇ ಕಟ್ಟೋಣ.”

ಇಷ್ಟು ಕಿವಿಗೆ ಬಿದ್ದಿದ್ದೇ ತಡ, ಎದುರು ಮನೆಯ ಹಿಲ್ಯಾ ಅಜ್ಜಿ ಮುಲಾಮಿನ ಡಬ್ಬಿ ಹಿಡಿದು ಹಾಜರಾದಳು. ಡಾಂಬರಿನ ವಾಸನೆಯ ಆ ಮುಲಾಮನ್ನು ಅಜ್ಜಿ ಹಸುವಿನ ಕೆಚ್ಚಲಿಗೂ ಹಚ್ಚುತ್ತಿದ್ದಳು, ಗಂಡನಿಗೂ ಹಚ್ಚುತ್ತಿದ್ದಳು. ಗಂಡ ಈಗಿಲ್ಲ.

“ಅಜ್ಜಿ, ಬೇಡ ಅಜ್ಜಿ...”

“ಬಾಯಿ ಮುಚ್ಕೊಂಡು ಕಾಲು ಚಾಚು. ನಿನ್ನ ತೊಟ್ಟಿಲಲ್ಲಿ ನೋಡಿದೋಳು ನಾನು.”

ಮುಲಾಮಿನ ಮೇಲೆ ತೈಮಿ ಹಿಮಸಾರಂಗದ ಮರಿಯ ಚರ್ಮ ಸುತ್ತಿದಳು. ಅದರ ಮೇಲೆ ಮೊಮ್ಮಗನ ತೊಟ್ಟಿಲ ಹಾಸಿಗೆ ಕತ್ತರಿಸಿ ಸುತ್ತಿದಳು. ರೈಮೊ ಒಂದು ಕಾಲದಲ್ಲಿ ಐಸ್‌ಹಾಕಿ ಆಟದ ತಂಡದಲ್ಲಿ ಗೋಲು ಕಾಯುತ್ತಿದ್ದವನು. ತೊಡೆಯಿಂದ ಪಾದದವರೆಗೆ ಬರುವ ತನ್ನ ದಪ್ಪ ಪ್ಯಾಡುಗಳನ್ನು ತಂದು ಎಲ್ಲದರ ಮೇಲೆ ಬಿಗಿದ. ಎಡಗಾಲಿಗೂ ಇದೇ ಉಪಚಾರ. ಒಂದು ಮಂಡಿಯನ್ನು ಕಾಪಾಡಿ ಇನ್ನೊಂದನ್ನು ಬಿಟ್ಟರೆ ಅದಕ್ಕೆ ಬೇಜಾರಾಗುವುದಿಲ್ಲವೇ ಎಂದಳು ಅಜ್ಜಿ.

ಕೆಲಸ ಮುಗಿಯುವ ಹೊತ್ತಿಗೆ ಓಯ್ವಾನ ಕಾಲುಗಳು ಸುತ್ತಿಟ್ಟ ಎರಡು ಹಾಸಿಗೆಗಳಂತಾಗಿದ್ದವು.

“ಈಗ ಸ್ವಲ್ಪ ಮಂಡಿ ಬಗ್ಗಿಸು ನೋಡೋಣ,” ಎಂದ ರೈಮೊ.

“ಬಗ್ತಾ ಇಲ್ಲ ಕಣೋ!”

“ಬಗ್ಗದೇ ಇದ್ರೆ ಮತ್ತೂ ಒಳ್ಳೇದು, ಬಡಿಯೋ ಮಾತೇ ಇಲ್ಲ,” ಎಂದಳು ಅಜ್ಜಿ.

ಮೂವರೂ ಸೇರಿ ಅವನನ್ನು ಎತ್ತಿ, ಕಂಬ ನೆಟ್ಟ ಹಾಗೆ ಗಾಡಿಯ ಮೇಲೆ ನಿಲ್ಲಿಸಿದರು. ಓಯ್ವಾ ದೇವರನ್ನು ನೆನೆದು ಹೊರಟ. ಸರೋವರದ ಮೇಲೆ ಗಾಳಿ ಹೊಡೆದ ಹಿಮ ಗಟ್ಟಿಯಾಗಿ ಅಲೆ ಅಲೆಯಾಗಿ ನಿಂತಿತ್ತು. ಮೊದಲನೆಯ ಅಲೆಗೆ ಗಾಡಿ ಮೇಲೆ ಹಾರಿತು, ಓಯ್ವಾನೂ ಹಾರಿದ. ಗಾಡಿ ಕೆಳಗಿಳಿಯಿತು. ಓಯ್ವಾ ಇನ್ನೂ ಸ್ವಲ್ಪ ಹೊತ್ತು ಮೇಲೆಯೇ ಇದ್ದು, ಆಮೇಲೆ ಬೇರೆ ಕಡೆ ಇಳಿದ. ಎಂಜಿನ್ನಿನ ಕೀಲಿಯಿಂದ ಅವನ ಸೊಂಟಕ್ಕೆ ಕಟ್ಟಿದ್ದ ದಾರ ಕಿತ್ತು ಬಂದು ಎಂಜಿನ್ ನಿಂತಿತು. ಓಯ್ವಾ ತಲೆಕೆಳಗಾಗಿ ಹಿಮದಲ್ಲಿ ಹೂತುಹೋಗಿದ್ದ, ಎರಡು ಕಾಲು ಮಾತ್ರ ಆಕಾಶ ನೋಡುತ್ತಿದ್ದವು.

ಅಲ್ಲೇ ಹತ್ತಿರದಲ್ಲಿ ಇಬ್ಬರು ಮುದುಕರು ಮಂಜುಗಡ್ಡೆಗೆ ತೂತು ಕೊರೆದು ಗಾಳ ಹಾಕಿ ಕೂತಿದ್ದರು. ಅಣ್ಣ ತಮ್ಮಂದಿರು, ಅಣ್ಣ ಪೆಂಟಿ, ತಮ್ಮ ವೆಯ್ಕೊ. ನಿಧಾನವಾಗಿ ಎದ್ದು ಬಂದರು.

“ಯಾರೋ ಇದು?” ಎಂದ ವೆಯ್ಕೊ.

“ಕಾಲು ನೋಡಿದ್ರೆ ಗೊತ್ತಾಗ್ತಿಲ್ಲ. ಎಳಿ, ಮುಖ ನೋಡೋಣ,” ಎಂದ ಪೆಂಟಿ.

ಎಳೆದರು. ಓಯ್ವಾ ಬಾಯಲ್ಲಿದ್ದ ಹಿಮ ಉಗಿದು ಇದ್ದ ಸಂಕಟವನ್ನೆಲ್ಲ ತೋಡಿಕೊಂಡ. ಪೆಂಟಿ ಮೀನು ಕೊಯ್ಯುವ ಚಾಕು ತೆಗೆದು, ಪ್ಯಾಡು ಹಾಸಿಗೆ ಎರಡನ್ನೂ ಮಂಡಿಯ ಹಿಂಬದಿಯಲ್ಲಿ ಎಚ್ಚರದಿಂದ ಸೀಳಿದ.

“ಅಯ್ಯೋ, ರೈಮೊ ಪ್ಯಾಡು ಕಣಣ್ಣಾ!”

“ರೈಮೊಗೆ ನಾನು ಹೇಳ್ಕೋತೀನಿ. ನೀನು ಬಗ್ಗಿಸು.”

ಮಂಡಿ ಬಗ್ಗಿತು! ಮುಲಾಮಿನ ಉರಿಗೋ, ಚರ್ಮದ ಬಿಸಿಗೋ, ಹದಿನಾಲ್ಕು ತಿಂಗಳಿಂದ ಮುನಿಸಿಕೊಂಡಿದ್ದ ಕೀಲು ಸರಾಗವಾಗಿ ಬಗ್ಗಿತು. ಗಂಟೆ ನೋಡಿದರೆ ಉಳಿದದ್ದು ನಲವತ್ತೈದು ನಿಮಿಷ. ಮತ್ತೆ ಆ ಕೆಳಗಿನ ಹಲಗೆಯೇ ಗತಿಯೇ? ಓಯ್ವಾ ಹಿಂದೆಮುಂದೆ ನೋಡದೆ ಗಾಡಿ ಹತ್ತಿ ಪೂರ್ತಿ ವೇಗ ಕೊಟ್ಟ.

ಆಮೇಲೆ ಅವನು ಓಡಿಸಿದ್ದನ್ನು ನೋಡಬೇಕಿತ್ತು. ದಿಬ್ಬ ಬಂದರೆ ಮಂಡಿ ಮಡಿಸಿ ಕುಕ್ಕರಿಸಿದ, ತಗ್ಗು ಬಂದರೆ ನೆಟ್ಟಗಾದ. ದಡದ ಇಳಿಜಾರಿನಲ್ಲಿ ಒಂದು ಮಂಡಿ ಸೀಟಿಗೆ ಊರಿ, ಮೈಯೆಲ್ಲ ಒಂದು ಬದಿಗೆ ವಾಲಿಸಿ ಗಾಡಿ ತಿರುಗಿಸಿದ. ಎರಡಾಳು ಅಗಲದ ಹಳ್ಳ ಎದುರಾದರೂ ಬ್ರೇಕು ಮುಟ್ಟಲಿಲ್ಲ, ಹಾರಿಸಿಯೇಬಿಟ್ಟ. ತಗಡಿಗೆ ಮಂಡಿ ನೂರು ಸಲ ಬಡಿದಿರಬೇಕು, ಒಳಗೆ ತೊಟ್ಟಿಲ ಹಾಸಿಗೆ ಎಲ್ಲವನ್ನೂ ನುಂಗಿಕೊಂಡಿತು.

ಹಿಂದೆ ಸರೋವರದ ಮೇಲೆ ಪೆಂಟಿ ಬಾಯಿ ತೆರೆದು ನಿಂತಿದ್ದ. “ಇವನಿಗೆ ಮಂಡಿ ನೋವಂತೆ!”

“ನಮ್ಮೂರ ಹುಡುಗ,” ಎಂದು ವೆಯ್ಕೊ ಹೆಮ್ಮೆಯಿಂದ ಫೋನು ಎತ್ತಿ ಹಿಡಿದ.

ಹತ್ತು ಐವತ್ತಕ್ಕೆ ಓಯ್ವಾ ಆಸ್ಪತ್ರೆಯ ಮಂಚದ ಮೇಲಿದ್ದ. ನರ್ಸು ಮೂಗು ಮುಚ್ಚಿಕೊಂಡು ಪ್ಯಾಡು, ಹಾಸಿಗೆ, ಚರ್ಮ ಒಂದೊಂದಾಗಿ ಬಿಚ್ಚಿದಳು. ಮುಲಾಮು ಒರೆಸಿ, ದೀಪ ಹತ್ತಿರ ತಂದು, ಮಂಡಿಯ ಸುತ್ತ ಮೂರು ಸಲ ನೋಡಿದಳು.

“ಒಂದು ಗೀರೂ ಇಲ್ಲ. ಮಗುವಿನ ಚರ್ಮ ಇದ್ದ ಹಾಗಿದೆ!”

ಓಯ್ವಾನ ಕಣ್ಣು ತುಂಬಿ ಬಂತು. ರೈಮೊ, ಅಜ್ಜಿ, ಮೀನು ಹಿಡಿಯುವ ಅಣ್ಣತಮ್ಮಂದಿರು ಎಲ್ಲರೂ ಆ ಕ್ಷಣ ಅವನಿಗೆ ದೇವರಾಗಿ ಕಂಡರು. ಇನ್ನೊಮ್ಮೆ ಅವರನ್ನು ಬೈಯುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ.

ಅಷ್ಟರಲ್ಲಿ ಡಾಕ್ಟರ್ ಸಾಲ್ಮೆಲಾ ನಗುತ್ತಾ ಒಳಗೆ ಬಂದರು. ನಡುವಯಸ್ಸಿನ ಹೆಂಗಸು, ಕೈಯಲ್ಲಿ ಫೋನು.

“ನಿಮ್ಮ ಊರಿನವರಿಗೆ ನಿಮ್ಮ ಮೇಲೆ ಎಷ್ಟು ಪ್ರೀತಿ ರೀ! ಬೆಳಿಗ್ಗೆಯಿಂದ ಒಂದೇ ಸಮ ಫೋನು. ಒಬ್ರು ರೈಮೊ ಅಂತೆ, ಮೂವತ್ತೈದು ಕಿಲೋಮೀಟರು ನಿಂತೇ ಬರ್ತಾನೆ, ಹದಿನೆಂಟರ ಹುಡುಗನ ಹಾಗೆ, ಸ್ವಲ್ಪ ಕಾಯಿರಿ ಅಂದ್ರು. ಯಾವುದೋ ಅಜ್ಜಿ ನನ್ನ ಮುಲಾಮಿಗೆ ಅರ್ಧ ವಾಸಿ ಆಗಿದೆ ಅಂದ್ರು. ಇನ್ಯಾರೋ ಇದನ್ನ ಕಳಿಸಿದಾರೆ.”

ಫೋನಿನಲ್ಲಿ ಓಯ್ವಾ ಹಳ್ಳ ಹಾರುತ್ತಿದ್ದ. ಮಂಡಿ ಎದೆಗೆ ತಾಗುವಷ್ಟು ಮಡಚಿಕೊಂಡಿತ್ತು.

“ಇಂಥ ಮಂಡೀನ ಕೊಯ್ಯೋದಕ್ಕೆ ನನಗೆ ಮನಸ್ಸು ಬರಲ್ಲ. ಹೊರಗೆ ಒಬ್ರು ಕೂತಿದಾರೆ, ಎರಡು ಮೆಟ್ಟಿಲು ಹತ್ತೋಕಾಗಲ್ಲ ಪಾಪ. ಇವತ್ತು ಅವರಿಗೆ ಮಾಡ್ತೀನಿ.”

“ಡಾಕ್ಟ್ರೇ! ಅದು ಭಯಕ್ಕೆ ಬಗ್ಗಿದ್ದು! ನೋವು ಹಾಗೇ ಇದೆ!”

“ನೋವು ಯಾರಿಗಿಲ್ಲ? ಬಗ್ಗುತ್ತಾ ಇಲ್ವಾ, ಅಷ್ಟೇ ನಾನು ನೋಡೋದು.”

ಐವತ್ತೆಂಟು ವರ್ಷದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದ ಓಯ್ವಾ ಮಂಚದಿಂದ ಇಳಿದವನೇ ಧೊಪ್ಪನೆ ಮಂಡಿಯೂರಿ ಕೈಮುಗಿದ. “ನಿಮ್ಮ ಕಾಲಿಗೆ ಬೀಳ್ತೀನಿ ಡಾಕ್ಟ್ರೇ, ಹಾಗನ್ನಬೇಡಿ!”

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಕಾಗದದ ಮೇಲೆ ಬರೆದುಕೊಂಡರು: ‘ಯಾರ ಆಸರೆಯೂ ಇಲ್ಲದೆ ಮಂಡಿಯೂರುತ್ತಾರೆ.’ ಸಹಿ ಹಾಕಿ, ಬೆನ್ನು ತಟ್ಟಿ ಹೊರಟೇಹೋದರು.

ಓಯ್ವಾ ಏಳಲು ನೋಡಿದ. ಒಳಗೆಲ್ಲೋ ಖಟಕ್ ಎಂದಿತು.

“ಏಳಿ, ಮುಂದಿನವರು ಬರ್ತಾರೆ,” ಎಂದಳು ನರ್ಸು.

“ಏಳೋಕಾಗ್ತಿಲ್ಲಮ್ಮಾ. ಹಿಡ್ಕೊಂಡುಬಿಟ್ಟಿದೆ.”

ನರ್ಸಿಗೆ ಪಾಪ ಅನ್ನಿಸಿತು. ಡ್ರಾಯರಿನಿಂದ ಹೊಸ ಅರ್ಜಿ ತೆಗೆದು ಮೇಜಿನ ಮೇಲಿಟ್ಟಳು. “ಇವತ್ತೇ ಹೆಸರು ಬರೆಸಿದ್ರೆ ಇನ್ನು ಹದಿನಾಲ್ಕು ತಿಂಗಳು. ಕುರ್ಚಿ ಎಳೀಲಾ?”

“ಬೇಡ, ಮೇಜು ಎತ್ತರಕ್ಕೆ ಸರಿಯಾಗಿದೆ,” ಎಂದ ಓಯ್ವಾ, ಮಂಡಿಯೂರಿದಲ್ಲೇ ಪೆನ್ನು ತೆಗೆದುಕೊಂಡು. ಹೆಸರು ಬರೆದ, ವಯಸ್ಸು ಬರೆದ. ಮೂರನೆಯ ಸಾಲಿನಲ್ಲಿ ‘ತೊಂದರೆ ಏನು?’ ಎಂದಿತ್ತು. ಸ್ವಲ್ಪ ಯೋಚಿಸಿ ಬರೆದ: ‘ನೆರೆಹೊರೆ.’