ನಮ್ಮ ಮಾವನ ಮಹಾಪಾಪಗಳು

ಉಡುಪಿ ಜಿಲ್ಲೆಯಲ್ಲಿ ನನ್ನ ಸೋದರಮಾವನಷ್ಟು ದೊಡ್ಡ ಪಾಪಿ ಇನ್ನೊಬ್ಬರಿಲ್ಲ. ನಾನು ಹೇಳಿದ್ದಲ್ಲ ಮಾರಾಯ್ರೆ, ಪ್ರಾರ್ಥನಾ ಕೂಟಗಳಲ್ಲಿ ಮೈಕ್ ಹಿಡಿದು ಅವರೇ ಹೇಳುವುದು!

ಸಾಕ್ಷಿ ಹೇಳಲು ಎದ್ದರೆಂದರೆ ಮುಗಿಯಿತು. "ನಾನು ಕುಡುಕನಾಗಿದ್ದೆ, ಜೂಜುಕೋರನಾಗಿದ್ದೆ, ಕರ್ತನು ನನ್ನನ್ನು ಕೆಸರಿನಿಂದ ಎತ್ತಿದನು" ಎಂದು ಗುಡುಗುತ್ತಾರೆ. ನಿಜ ಏನು ಗೊತ್ತೇ? ಮಾವ ಜನ್ಮದಲ್ಲಿ ಕುಡಿದದ್ದು ಒಂದೇ ಒಂದು ಗ್ಲಾಸ್ ಶುಂಠಿ ಸೋಡಾ. ಅದಕ್ಕೇ ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು! ಒಂದು ವರ್ಷ ಸಾಕ್ಷಿಯೊಳಗೆ ಕತ್ತಿಯೊಂದು ಹೊಸದಾಗಿ ಸೇರಿತು. "ಯಾವ ಕತ್ತಿ ಮಾವ?" ಎಂದು ಕೇಳಿದೆ. "ತೆಂಗಿನಕಾಯಿ ಒಡೆಯುವುದು. ಆದರೆ ಮನಸ್ಸಿನಲ್ಲಿ ಕೋಪ ಇತ್ತಲ್ವಾ!" ಅಂದರು. ಸಭಾಪಾಲಕರು ಒಮ್ಮೆ ಚೀಟಿಯನ್ನೇ ಕಳುಹಿಸಿದರಂತೆ: "ಪಾಪ ಸ್ವಲ್ಪ ಕಡಿಮೆ ಮಾಡಿ, ಇಡ್ಲಿ ತಣ್ಣಗಾಗ್ತಾ ಉಂಟು."

ಇಂಥ ಮಾವ ಕಳೆದ ಮಳೆಗಾಲದ ಕೊನೆಗೆ ನಿಜವಾಗಿಯೂ ಒಂದು ಪಾಪ ಮಾಡಿದರು.

ಕಾಪುವಿನ ಅವರ ಮನೆಯ ಕಂಪೌಂಡ್ ಗೋಡೆ ಕುಸಿದಿತ್ತು. ಅದನ್ನು ಕಟ್ಟುವಾಗ ಕಲ್ಲು ಹೊರಲು ಗದಗ ಕಡೆಯ ಯಲ್ಲವ್ವ ಬರುತ್ತಿದ್ದಳು. ಒಂದು ದಿನ ಶಾಲೆಗೆ ರಜೆಯೆಂದು ಏಳು ವರ್ಷದ ಮಗಳೂ ಜೊತೆಗಿದ್ದಳು. ಅಂದೇ ಮಾವನ ಮೊಬೈಲ್ ಕಾಣೆಯಾಯಿತು. ಮಾವ ಎಲ್ಲರ ಮುಂದೆ ಯಲ್ಲವ್ವನನ್ನು ಕಳ್ಳಿ ಎಂದರು, ಅವಳ ಚೀಲವನ್ನು ಅಂಗಳದಲ್ಲಿ ಸುರಿಸಿದರು. ಬಿದ್ದದ್ದು ಎರಡು ಜೋಳದ ರೊಟ್ಟಿ, ಒಂದು ಬಾಚಣಿಗೆ. ಆದರೂ ಮೇಸ್ತ್ರಿ ಅವಳನ್ನು ಕೆಲಸದಿಂದ ಬಿಡಿಸಿದ.

ಮೂರನೇ ದಿನ ಅತ್ತೆ ಅಕ್ಕಿ ಡಬ್ಬಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಮೊಬೈಲ್! ಮಳೆಯಲ್ಲಿ ನೆನೆದ ಫೋನು ಅಕ್ಕಿಯಲ್ಲಿಟ್ಟರೆ ಒಣಗುತ್ತದೆಂದು ಯಾರೋ ಹೇಳಿದ್ದರಂತೆ. ಮಾವನೇ ಹೂತಿಟ್ಟು ಮರೆತಿದ್ದರು. ಕೂಡಲೇ ಮೊಣಕಾಲೂರಿ ಅರ್ಧ ಗಂಟೆ ಪ್ರಾರ್ಥಿಸಿದರು. ಎದ್ದು, "ದೇವರು ಕ್ಷಮಿಸಿದ. ಊಟ ಬಡಿಸು" ಅಂದರು.

ಅತ್ತೆ ಸೌಟು ಕೆಳಗಿಟ್ಟರು. "ನೀವು ಸುರಿಸಿದ್ದು ಎಂತ, ದೇವರ ಚೀಲವನ್ನಾ?"

ಮಾವ ಅಂದು ಉಣ್ಣಲಿಲ್ಲ. ಮರುದಿನವೇ ಮೇಸ್ತ್ರಿಗೆ ನಿಜ ಹೇಳಿ, ಯಲ್ಲವ್ವನನ್ನು ಹುಡುಕಲು ನನ್ನ ಸ್ಕೂಟರ್ ಹತ್ತಿದರು. ಮಣಿಪಾಲದಲ್ಲಿ ಬೆಳಿಗ್ಗೆ ಕೂಲಿಗೆ ನಿಲ್ಲುವವರನ್ನು ಕೇಳಿದರೆ, "ಯಾವ ಯಲ್ಲವ್ವರೀ? ನಾಕ್ ಮಂದಿ ಅದಾರ" ಅಂದರು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದ ಮಾವ, ಸಿಕ್ಕಿದ ಮೊದಲ ಯಲ್ಲವ್ವನಿಗೆ ಕೈಮುಗಿದು ಪೂರ್ತಿ ಕ್ಷಮೆ ಕೇಳಿದರು. ಅವಳು ಗಾಬರಿಯಿಂದ ಹಿಂದೆ ಸರಿದು, "ಅಯ್ಯ, ಅಕಿ ನಾ ಅಲ್ರೀ!" ಎಂದಳು.

ಎರಡು ವಾರ ಅಲೆದ ಮೇಲೆ, ಕಾರ್ಕಳದಲ್ಲಿ ಕಟ್ಟುತ್ತಿದ್ದ ಮನೆಯೊಂದರ ಎದುರು ನಮ್ಮ ಯಲ್ಲವ್ವ ಸಿಕ್ಕಳು. ಕಾಪುವಿನ ಕೆಲಸ ಹೋದ ಮೇಲೆ ಮಗಳನ್ನೂ ಕಾರ್ಕಳದ ಶಾಲೆಗೆ ಸೇರಿಸಿದ್ದಳಂತೆ. ಮಾವ ಕೆಲಸದವರಿಗೆಲ್ಲ ಕೇಳುವಂತೆ, "ಇವಳು ಏನೂ ಕದ್ದಿಲ್ಲ. ಮೊಬೈಲ್ ನನ್ನ ಮನೆಯಲ್ಲೇ ಇತ್ತು. ಕಳ್ಳಿ ಅಂದದ್ದು ನನ್ನ ತಪ್ಪು" ಎಂದರು. ಅಷ್ಟೇ! ನಾನು ಕೇಳಿದ್ದರಲ್ಲಿ ಮಾವನ ಅತಿ ಚಿಕ್ಕ ಭಾಷಣ ಅದು.

ಯಲ್ಲವ್ವ ತಲೆಯ ಮೇಲಿನ ಬುಟ್ಟಿ ಇಳಿಸಲಿಲ್ಲ. "ಇವರ ಮುಂದ ಹೇಳಿದ್ರ ಏನ್ ಬಂತ್ರೀ? ಅವತ್ತು ನನ್ನ ಮಗಳು ನೋಡ್ಯಾಳ. ಅಕಿ ಮುಂದ ಹೇಳ್ರಿ."

ಮಗಳು ಶಾಲೆಯಲ್ಲಿದ್ದಳು. ಮಾವ ಮರಳಿನ ರಾಶಿಯ ಮೇಲೆ ಕುಳಿತರು. ಸಂಜೆ ನಾಲ್ಕರವರೆಗೂ ಏಳಲಿಲ್ಲ. ನಾನು ತಂದ ಬಿಸಿ ಗೋಳಿಬಜೆಯನ್ನೂ ಮುಟ್ಟಲಿಲ್ಲ. ಹುಡುಗಿ ಬಂದಾಗ, ಎಪ್ಪತ್ತು ದಾಟಿದ ಆ ಮನುಷ್ಯ ಕಷ್ಟಪಟ್ಟು ಅವಳ ಎತ್ತರಕ್ಕೆ ಬಗ್ಗಿದರು.

"ಮಗಾ, ನಿನ್ನ ಅಮ್ಮ ಕಳ್ಳಿ ಅಲ್ಲ. ನಾನು ಹೇಳಿದ್ದು ಸುಳ್ಳು."

ಮಾವ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು.

ಹುಡುಗಿ ಅವರನ್ನೇ ನೋಡುತ್ತ ನಿಂತಳು. "ನನಗ ಅವತ್ತೇ ಗೊತ್ತಿತ್ತು, ಅಜ್ಜಾ" ಅಂದಳು. ಆಮೇಲೆ, ಅಳುವ ಮುದುಕರನ್ನು ಏನು ಮಾಡಬೇಕೆಂದು ತಿಳಿಯದೆ, ತನ್ನ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು, ಅವರ ಕೈಗೆ ಕೊಟ್ಟಳು.